ಚಾಂದನಿಯ ಕಾಲು ನೋಡಿದ ಡಾಕ್ಟರಮ್ಮ

ಡಾಕ್ಟರಮ್ಮನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಚಿಕ್ಕದು. ಯಾವುದೋ ಎಮ್ಮೆಯ ಕೊಂಬು ತಗುಲಿ, ರೆಪ್ಪೆಗೆ ಹೊಲಿಗೆ ಬಿದ್ದು, ಆಮೇಲೆ ಆ ರೆಪ್ಪೆ ಪೂರ್ತಿ ಮೇಲೇಳುತ್ತಿರಲಿಲ್ಲ. ಎದುರಿಗೆ ನಿಂತವರು ಏನಾದರೂ ಹೇಳತೊಡಗಿದರೆ ಅವರು ಬಲಗಣ್ಣನ್ನೂ ಎಡಗಣ್ಣಿನ ಅಳತೆಗೆ ಕಿರಿದು ಮಾಡಿಕೊಂಡು ಕೇಳುತ್ತಿದ್ದರು. ನಿಜ ಹೇಳುತ್ತಿದ್ದವರಿಗೂ ಒಂದು ಕ್ಷಣ ತಾವೇನೋ ಸುಳ್ಳು ಹೇಳುತ್ತಿದ್ದೇವೆ ಅನ್ನಿಸಿಬಿಡುತ್ತಿತ್ತು. ನಾನು ಬಟ್ಟೆ ಹೊಲಿಯುವವಳು. ಆ ರೆಪ್ಪೆಗೆ ಹೊಲಿಗೆ ಹಾಕಿದವರು ಅವಸರದಲ್ಲಿ ಹಾಕಿದ್ದಾರೆ ಎಂದು ಮೊದಲ ಸಲ ಕಂಡಾಗಲೇ ಅಂದುಕೊಂಡಿದ್ದೆ.

ಅವರು ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರು. ಹುಟ್ಟಿದ್ದು ಹಾಸನದ ಕಡೆ. ಕೆಲಸಕ್ಕೆ ಸೇರಿದ್ದು ಚಿಕ್ಕನಾಯಕನಹಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಆಮೇಲೆ ತುರುವೇಕೆರೆ, ಕೊನೆಗೆ ನಮ್ಮ ತಿಪಟೂರು. ಮದುವೆ ಮಾಡಿಕೊಂಡಿರಲಿಲ್ಲ. ತುಮಕೂರಿನಲ್ಲಿ ಒಬ್ಬ ಅಕ್ಕ ಇದ್ದರು, ಹಬ್ಬಕ್ಕೆ ಅಲ್ಲಿಗೆ ಹೋಗಿ ಮಾರನೆಯ ದಿನ ಬಂದುಬಿಡುವರು. ತೆಂಗಿನಕಾಯಿಯ ಊರಲ್ಲಿದ್ದುಕೊಂಡು, ಅಂಗಡಿಯವನು ಕೊಟ್ಟ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ವಾಪಸು ಕೊಟ್ಟು, ಇನ್ನೊಂದನ್ನು ತಾವೇ ಆರಿಸಿಕೊಳ್ಳುವರು. ಸ್ಕೂಟರಿನ ಪೆಟ್ರೋಲ್ ಮುಳ್ಳು ಏನೇ ತೋರಿಸಲಿ, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿ ಟ್ಯಾಂಕಿನೊಳಗಿನ ಸದ್ದು ಕೇಳಿಯೇ ಹೊರಡುವರು. ಯಾರ ಮನೆಯಲ್ಲಿ ಕಾಫಿ ಕೊಟ್ಟರೂ ಹಾಲು ಯಾವಾಗ ಕರೆದದ್ದು ಎಂದು ಕೇಳದೆ ಕುಡಿಯುತ್ತಿರಲಿಲ್ಲ. ಜನ ಏನೇ ಹೇಳಿದರೂ ಅವರು ಕೇಳುತ್ತಿದ್ದ ಪ್ರಶ್ನೆ ಎರಡೇ. "ಯಾರಂದ್ರು?" ಆಮೇಲೆ, "ನೀನ್ ನೋಡಿದ್ಯಾ?"

ಊರಿನಲ್ಲಿ ಅವರನ್ನು ಇಷ್ಟಪಟ್ಟವರು ಕಡಿಮೆ. ಅನುಮಾನದ ಪಿಶಾಚಿ ಎನ್ನುತ್ತಿದ್ದರು. ಇನ್ನೊಂದು ಮಾತೂ ಇತ್ತು. ವಾಸಿಯಾಗದ ಪ್ರಾಣಿಯನ್ನು ಕಂಡರೆ ಆಯಮ್ಮ ಯೋಚನೆ ಮಾಡುವುದಿಲ್ಲ, ಒಂದು ಇಂಜೆಕ್ಷನ್ ಚುಚ್ಚಿ ಮುಗಿಸಿಬಿಡುತ್ತಾಳೆ ಎಂದು. ಆ ಮಾತನ್ನು ನಾನೂ ಕೇಳಿದ್ದೆ, ನಂಬಿಯೂ ಇದ್ದೆ.

ನಮ್ಮದು ಕುದುರೆಯ ಮನೆ. ಅಬ್ಬಾ ತಿಪಟೂರು ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಿದ್ದರು. ಆಟೋಗಳು ಬಂದ ಮೇಲೆ ಗಾಡಿ ಮಾರಿ ಕುದುರೆ ಉಳಿಸಿಕೊಂಡು, ಮದುವೆ ಮೆರವಣಿಗೆಗೆ ಕಳಿಸತೊಡಗಿದರು. ಅಬ್ಬಾ ತೀರಿಕೊಂಡ ಮೇಲೆ ಆ ಕೆಲಸ ನನಗೂ ನನ್ನ ತಮ್ಮನಿಗೂ ಬಂತು. ಜೀನಿನ ಮೇಲೆ ಹಾಸುವ ಜರಿಯ ಬಟ್ಟೆ, ಹಣೆಯ ಪಟ್ಟಿ, ಕುಚ್ಚು ಎಲ್ಲವನ್ನೂ ನಾನೇ ಹೊಲಿಯುತ್ತಿದ್ದೆ. ಕುದುರೆಯ ಜೊತೆ ಊರೂರು ತಿರುಗುವವನು ತಮ್ಮ. ಆಗ ನಮ್ಮಲ್ಲಿದ್ದದ್ದು ಒಂದೇ ಕುದುರೆ, ಬಿಳಿಯ ಹೆಣ್ಣು ಕುದುರೆ ಚಾಂದನಿ. ತಮಟೆ ಶುರುವಾದರೆ ಮುಂಗಾಲು ಎತ್ತೆತ್ತಿ ಹಾಕಿ ಕುಣಿಯುತ್ತಿತ್ತು. ಅದಕ್ಕೆ ಕುಣಿಯುವುದನ್ನು ಕಲಿಸಿದವನೂ ತಮ್ಮನೇ. ತುರುವೇಕೆರೆ, ನೊಣವಿನಕೆರೆ, ದಂಡಿನಶಿವರ, ಎಲ್ಲಿ ಮದುವೆಯಾದರೂ "ಆ ಕುಣಿಯೋ ಬಿಳಿ ಕುದ್ರೇನೇ ಬೇಕು" ಎಂದು ಫೋನು ಬರುತ್ತಿತ್ತು.

ನಮ್ಮ ಲಾಯಕ್ಕೂ ಪಕ್ಕದ ಕೊಬ್ಬರಿ ಗೋಡೌನಿಗೂ ಒಂದೇ ಗೋಡೆ. ಗೋಡೌನಿನ ಯಜಮಾನರು ಲಿಂಗಾಯತರು, ವಿಭೂತಿ ಇಟ್ಟುಕೊಳ್ಳದೆ ಬೀದಿಗೆ ಇಳಿಯದವರು. ಅಬ್ಬಾನ ಕಾಲದಲ್ಲಿ ಅವರ ಸರಕು ನಮ್ಮ ಜಟಕಾದಲ್ಲೇ ಸ್ಟೇಷನ್ನಿಗೆ ಹೋಗುತ್ತಿತ್ತು. ಈಚೆಗೆ ಮಾತ್ರ ಲದ್ದಿಯ ನೊಣ ಕೊಬ್ಬರಿಗೆ ಮುತ್ತುತ್ತದೆ ಎಂದು ಅವರಿಗೆ ಸಿಟ್ಟು. ಲಾಯ ಬೇರೆ ಕಡೆ ಮಾಡಿಕೊಳ್ಳಿ ಎಂದು ಒಂದೆರಡು ಸಲ ಹೇಳಿದ್ದರು. ನನ್ನ ತಮ್ಮ ಅವರಿಗೆ ಎದುರು ಮಾತಾಡಿದ್ದ. ಆಮೇಲೆ ಎರಡು ಮನೆಗಳ ನಡುವೆ ಮಾತು ನಿಂತು, ಗೋಡೆಯ ಈಚೆ ನಿಂತು ಆಚೆಯ ಸದ್ದಿಗೆ ಕಿವಿಗೊಡುವುದು ಮಾತ್ರ ಉಳಿದಿತ್ತು.

ಅಂಥ ಸಮಯದಲ್ಲೇ, ಮದುವೆಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ, ಒಂದು ಬೆಳಗ್ಗೆ ಚಾಂದನಿ ಕುಂಟುತ್ತಾ ಲಾಯದಿಂದ ಹೊರಗೆ ಬಂತು. ಮುಂದಿನ ಬಲಗಾಲು ಊರಲು ಅದಕ್ಕೆ ಮನಸ್ಸಿಲ್ಲ. ತಮ್ಮ ಒಂದು ತುಕ್ಕು ಹಿಡಿದ ಮೊಳೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಂದೆ ಹಿಡಿದ.

"ಕಾಲಿಂದ ಕಿತ್ತೆ ಆಪಾ. ಪಕ್ಕದೋರು ಬಾಗಿಲ ಮುಂದೆ ಚೆಲ್ಲಿದ್ದಾರೆ. ಪೆಟ್ಟಿಗೆಗೆ ಹೊಡೆಯೋ ಮೊಳೆ ಇದು."

ಮಧ್ಯಾಹ್ನದ ಹೊತ್ತಿಗೆ ಬೀದಿಯ ಹುಡುಗರಿಗೆಲ್ಲ ವಿಷಯ ಗೊತ್ತಾಯಿತು. ಟೀ ಅಂಗಡಿಯ ಮುಂದೆ ಗುಂಪು ಸೇರಿತು. ಬೇಕೆಂದೇ ಮಾಡಿದ್ದು, ಸುಮ್ಮನೆ ಬಿಡಬಾರದು, ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು ಎಂದೆಲ್ಲ ಮಾತು. ಅತ್ತ ಗೋಡೌನಿನ ಹಮಾಲಿಗಳೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಾರು ಯಾರ ಕಡೆ ಎಂದು ಮುಖಗಳನ್ನು ಲೆಕ್ಕ ಹಾಕುವ ಆ ನೋಟ ನನಗೆ ಕುದುರೆಯ ಕಾಲಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಲಾಳ ಕಟ್ಟುವವನು ಬಂದು ನೋಡಿದ. ಮೊಳೆಯಲ್ಲ, ಭುಜ ಇಳಿದಿದೆ ಎಂದ. ಕಬ್ಬಿಣ ಕಾಯಿಸಿ ಭುಜದ ಮೇಲೆ ಬರೆ ಎಳೆದರೆ ಸರಿಹೋಗುತ್ತದೆ ಎಂದ. ನನಗೆ ಯಾವುದನ್ನು ನಂಬಬೇಕೋ ತಿಳಿಯಲಿಲ್ಲ. ಬರೆ ಎಂದ ಕೂಡಲೇ ಯಾರಿಗೂ ಹೇಳದೆ ಪಶು ಆಸ್ಪತ್ರೆಗೆ ನಡೆದೆ.

ಡಾಕ್ಟರಮ್ಮ ಒಂದು ಆಡಿನ ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದರು. ತಲೆಯೆತ್ತದೆ ಕೇಳಿದರು, "ಏನಮ್ಮ?"

"ಕುದ್ರೆ ಕುಂಟ್ತಿದೆ ಡಾಕ್ಟರಮ್ಮ. ಭುಜ ಇಳಿದಿದೆಯಂತೆ."

"ಯಾರಂದ್ರು?"

"ಲಾಳ ಕಟ್ಟೋರು. ನಮ್ ತಮ್ಮ ಮೊಳೆ ಚುಚ್ಚಿದೆ ಅಂತಾನೆ."

"ನೀನ್ ನೋಡಿದ್ಯಾ?"

"ಏನು, ಭುಜಾನಾ?"

"ಮೊಳೆ ಕಾಲಲ್ಲಿದ್ದಾಗ ನೋಡಿದ್ಯಾ ಅಂತ ಕೇಳ್ದೆ."

ಇಲ್ಲ ಎಂದೆ. ಎರಡು ಕಣ್ಣೂ ಒಂದೇ ಅಳತೆಗೆ ಬಂದವು. ಆಡನ್ನು ಬಿಟ್ಟು ಕೈ ತೊಳೆದುಕೊಂಡು, ಸ್ಕೂಟರನ್ನು ಅಲ್ಲಾಡಿಸಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು.

ಮನೆಯ ಮುಂದಿನ ಡಾಂಬರು ರಸ್ತೆಯಲ್ಲಿ ತಮ್ಮನಿಂದ ಕುದುರೆಯನ್ನು ನಡೆಸಿದರು. ಹೋಗುವಾಗ ಹಿಂದಿನಿಂದ, ಬರುವಾಗ ಮುಂದಿನಿಂದ ನೋಡಿದರು. ಸುತ್ತು ಹಾಕಿಸಿದರು. ನನ್ನನ್ನು ಪಕ್ಕಕ್ಕೆ ಕರೆದು, "ಕಾಲು ನೋಡ್ಬೇಡ, ತಲೆ ನೋಡು. ನೋವಿರೋ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲಕ್ಕೆತ್ತತ್ತೆ. ಭಾರ ಬೀಳ್ದಿರ್ಲಿ ಅಂತ" ಎಂದರು. ನೋಡಿದೆ. ಹೌದು, ಬಲಗಾಲು ಊರಿದಾಗಲೆಲ್ಲ ಚಾಂದನಿಯ ತಲೆ ಮೇಲೇಳುತ್ತಿತ್ತು. ಹುಟ್ಟಿದಾಗಿನಿಂದ ಕುದುರೆಗಳ ನಡುವೆ ಇದ್ದವಳು ನಾನು, ಅಬ್ಬಾ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ. ಹೆಣ್ಣುಮಕ್ಕಳಿಗೆ ಯಾಕೆ ಎಂದುಕೊಂಡಿರಬೇಕು.

ಭುಜವನ್ನು ಒತ್ತಿದರು, ಮುಂಗಾಲನ್ನು ಎತ್ತಿ ಮುಂದಕ್ಕೆಳೆದರು, ಹಿಂದಕ್ಕೆಳೆದರು. ಕುದುರೆ ಸುಮ್ಮನಿತ್ತು. ಚೀಲದಿಂದ ದೊಡ್ಡ ಇಕ್ಕಳದಂಥದ್ದನ್ನು ತೆಗೆದು ಗೊರಸನ್ನು ಸುತ್ತಲೂ ಅಮುಕುತ್ತಾ ಬಂದರು. ಗೊರಸಿನ ಹಿಂಭಾಗಕ್ಕೆ ಬಂದಾಗ ಚಾಂದನಿ ಕಾಲು ಕಿತ್ತುಕೊಂಡಿತು. ಲಾಳ ಬಿಚ್ಚಿಸಿ, ಅಂಗಾಲನ್ನು ತೆಳ್ಳಗೆ ಕೆರೆದರು.

"ಮೊಳೆ ಎಲ್ಲಿ ಚುಚ್ಚಿತ್ತು, ತೋರ್ಸಪ್ಪ."

ತಮ್ಮ ಬೆರಳಿಟ್ಟು ತೋರಿಸಿದ. ಅಲ್ಲಿ ಇನ್ನಷ್ಟು ಕೆರೆದರು. ಬೆಳ್ಳಗೆ, ಶುದ್ಧವಾಗಿತ್ತು.

"ತೂತಿಲ್ಲ. ಕೀವಿಲ್ಲ. ಕಪ್ಪು ಗೆರೆ ಕೂಡಾ ಇಲ್ಲ."

"ಹಾಗಾದ್ರೆ ನಾನ್ ಸುಳ್ಳು ಹೇಳ್ತಿದ್ದೀನಾ? ಸರ್ಕಾರದೋರೆಲ್ಲ ಅವ್ರ ಕಡೇನೇ ಬುಡಿ" ಎಂದ ತಮ್ಮ. ಹಿಂದೆ ನಿಂತಿದ್ದ ಹುಡುಗರು ಗುಜುಗುಟ್ಟಿದರು.

ಡಾಕ್ಟರಮ್ಮ ದನಿ ಎತ್ತಲಿಲ್ಲ. "ಸ್ಟೇಷನ್ನಿಗೆ ಹೋಗ್ತೀರಂತೆ. ಹೋದ್ರೆ ಅವ್ರು ಕೇಳೋದು ನನ್ ಸರ್ಟಿಫಿಕೇಟು. ನಾನಿನ್ನೂ ನೋಡಿ ಮುಗಿಸಿಲ್ಲ ಕಣ್ರಪ್ಪ. ಮುಗಿಸೋವರ್ಗೂ ಯಾರೂ ಎಲ್ಲೂ ಹೋಗ್ಬೇಡಿ" ಎಂದರು. ಕುದುರೆಗೆ ವಿಶ್ರಾಂತಿ, ಗೊರಸಿಗೆ ತಣ್ಣೀರಿನ ಪಟ್ಟಿ, ಯಾವ ಔಷಧಿಯೂ ಬೇಡ ಎಂದು ಹೇಳಿ, ಮರಗಟ್ಟಿಸಿ ನೋಡುವ ಒಂದು ಪರೀಕ್ಷೆ ಮಾಡಲು ಎರಡು ದಿನ ಬಿಟ್ಟು ಬರುತ್ತೇನೆಂದರು. ಗುಂಪು ಚದುರಿತು. ಪಕ್ಕದ ಯಜಮಾನರು ತಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ ಒಳಗೆ ಹೋದರು. ಅವರೇ ಈ ಡಾಕ್ಟರಮ್ಮನಿಗೆ ಏನಾದರೂ ಹೇಳಿಕೊಟ್ಟಿರಬಹುದೇ ಎಂದು ನನಗೂ ಅನ್ನಿಸದೆ ಇರಲಿಲ್ಲ. ಅವರ ಮನೆಯ ಹಸುಗಳನ್ನು ನೋಡುತ್ತಿದ್ದವರೂ ಈಕೆಯೇ.

ಡಾಕ್ಟರಮ್ಮ ಮತ್ತೆ ಬಂದ ದಿನ ಚಾಂದನಿ ನೆಟ್ಟಗೆ ನಡೆಯಿತು. ಕುಂಟು ಇಲ್ಲವೇ ಇಲ್ಲ. ನನಗೆ ಕುಣಿಯುವಷ್ಟು ಸಂತೋಷ.

"ವಾಸಿಯಾಯ್ತು ಡಾಕ್ಟರಮ್ಮ. ಇವತ್ತು ಸಾಯಂಕಾಲ ತುರುವೇಕೆರೇಲಿ ಮೆರವಣಿಗೆ ಇದೆ, ಕರ್ಕೊಂಡೋಗ್ತೀನಿ" ಎಂದ ತಮ್ಮ.

ಅವರು ಕುದುರೆಯನ್ನು ಸುತ್ತಿದರು. ಕತ್ತಿನ ಬಳಿ ನಿಂತು, ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದರು. ಗೊರಸಿನ ಮೇಲೆ ಅಂಗೈಯಿಟ್ಟರು. ಇಕ್ಕಳ ತೆಗೆಯಲೇ ಇಲ್ಲ.

"ಏನಾದ್ರೂ ಕೊಟ್ರಾ ಇದಕ್ಕೆ?"

"ಇಲ್ಲ."

"ನೋವಿನ ಇಂಜೆಕ್ಷನ್ನು?"

"ಅಬ್ಬಾನ ಆಣೆ ಇಲ್ಲ" ಎಂದ ತಮ್ಮ.

"ಸರಿ ಬುಡಪ್ಪ. ಇವತ್ತು ಮಾತ್ರ ಬೇಡ, ಎಲ್ಲೂ ಕರ್ಕೊಂಡೋಗ್ಬೇಡ. ಸೋಮವಾರ ಬತ್ತೀನಿ" ಎಂದು ಹೊರಟುಹೋದರು. ಪರೀಕ್ಷೆಯನ್ನೂ ಮಾಡಲಿಲ್ಲ. ನನಗೆ ಸಿಟ್ಟು ಬಂತು. ಗುಣವಾಗಿರುವುದನ್ನು ಕಂಡೂ ಸಂತೋಷಪಡಲಾರದ ಹೆಂಗಸು ಎಂದುಕೊಂಡೆ. ಆದರೂ ಆ ಸಂಜೆ ನಾನು ಲಾಯದ ಬಾಗಿಲು ಹಾಕಿ, ತಮ್ಮನ ಹತ್ತಿರ ಜಗಳವಾಡಿ, ಮೆರವಣಿಗೆಗೆ ಕಳಿಸಲಿಲ್ಲ.

ಸೋಮವಾರ ಇನ್ನೂ ದೂರ ಇತ್ತು. ಮಾರನೆಯ ಬೆಳಗ್ಗೆ, ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಸ್ಕೂಟರಿನ ಸದ್ದಾಯಿತು. ಡಾಕ್ಟರಮ್ಮ ಇಳಿದವರೇ ನೇರ ಲಾಯಕ್ಕೆ ಹೋದರು. ಚಾಂದನಿ ಬಲಗಾಲನ್ನು ಮುಂದಕ್ಕೆ ಚಾಚಿ, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿತ್ತು. ಹಗ್ಗ ಹಿಡಿದೆಳೆದರೆ ಹೆಜ್ಜೆ ಇಡಲೊಲ್ಲದು. ಮೊದಲ ದಿನಕ್ಕಿಂತಲೂ ಹೆಚ್ಚಾಗಿತ್ತು.

"ನಿನ್ನೆ ನೆಟ್ಟಗಿತ್ತಲ್ಲ ಡಾಕ್ಟರಮ್ಮ!"

"ನಿನ್ನೆ ಔಷಧಿ ನಡೀತಿತ್ತು, ಕುದ್ರೆ ಅಲ್ಲ. ಕತ್ತಿನ ರಕ್ತನಾಳದ ಮೇಲೆ ಸೂಜಿ ಗುರುತಿದೆ. ಒಂದಲ್ಲ. ಹಳೇವೂ ಇದಾವೆ. ನಿನ್ ತಮ್ಮನ್ನ ಎಬ್ಬಿಸು."

ತಮ್ಮ ಕಣ್ಣುಜ್ಜಿಕೊಳ್ಳುತ್ತಾ ಬಂದ. ಡಾಕ್ಟರಮ್ಮ ಕತ್ತಿನ ಕೂದಲು ಬಿಡಿಸಿ ಹಿಡಿದು, "ಬಾ, ಇಲ್ಲಿ ಬೆರಳಿಡು" ಎಂದರು. ಅವನು ಬೆರಳಿಡಲಿಲ್ಲ. ಲಾಯದ ಕಂಬಕ್ಕೆ ಒರಗಿಕೊಂಡು ನಿಂತ. ನನ್ನ ಕಡೆ ನೋಡದೆ ಹೇಳಿದ.

"ನಾನೇ ಕೊಡ್ತಿದ್ದೆ ಆಪಾ. ಹಬ್ಬದ ಮುಂಚಿಂದಾನೂ ಸ್ವಲ್ಪ ಸ್ವಲ್ಪ ಕುಂಟ್ತಿತ್ತು. ಮೆರವಣಿಗೆ ದಿನ ಒಂದು ಇಂಜೆಕ್ಷನ್ ಕೊಟ್ರೆ ಕುಣೀತಿತ್ತು. ಮಾರನೇ ದಿನ ಮಲಗ್ಸಿಬಿಡ್ತಿದ್ದೆ. ನಿಂಗೆ ಗೊತ್ತಾದ್ರೆ ಕಳಿಸಲ್ಲ ಅಂತ..."

"ಮೊಳೆ?" ಎಂದೆ.

"ಬೀದೀಲಿ ಸಿಕ್ತು."

ನನಗೆ ಭಯವಾಯಿತು. ಕುದುರೆಯ ನೋವನ್ನು ನನ್ನಿಂದ ಮುಚ್ಚಿಟ್ಟದ್ದಕ್ಕಲ್ಲ. ಆ ಮೊಳೆಯನ್ನು ಹಿಡಿದುಕೊಂಡು ಅವನು ಬೀದಿಯ ಮಧ್ಯೆ ನಿಂತಿದ್ದನಲ್ಲ, ಅದು ಸುಳ್ಳೆಂದು ಆ ಗುಂಪಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಒಬ್ಬ ಹುಡುಗ ಒಂದು ಕಲ್ಲು ಎಸೆದಿದ್ದರೆ ಆವತ್ತು ಏನಾಗುತ್ತಿತ್ತೋ. ನಾನು ಅವನ ಮೇಲೆ ಕೈ ಎತ್ತಿದೆ. ಡಾಕ್ಟರಮ್ಮ ತಡೆಯಲಿಲ್ಲ. ನಾನೇ ಇಳಿಸಿದೆ.

ಅವರು ಕೆಳಗೆ ಕೂತು, ಸಣ್ಣ ಬಾಟಲಿಯಿಂದ ಸಿರಿಂಜಿಗೆ ಔಷಧಿ ಎಳೆಯತೊಡಗಿದರು. ಅದನ್ನು ಕಂಡದ್ದೇ ಊರಿನ ಮಾತೆಲ್ಲ ನೆನಪಾಯಿತು. ಇವರಿಗೆ ಸಿಟ್ಟು ಬಂದಿದೆ, ಕುದುರೆ ಕಾಲೂರುತ್ತಿಲ್ಲ, ಮುಗಿಸಿಬಿಡುತ್ತಾರೆ ಎಂದುಕೊಂಡು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ.

"ಇದು ಸಾಯ್ಸೋ ಇಂಜೆಕ್ಷನ್ನಾ?"

ಅವರಿಗೆ ಕೋಪ ಬರುತ್ತದೆ ಎಂದುಕೊಂಡಿದ್ದೆ. ಬದಲಿಗೆ ಆವತ್ತೇ ಮೊದಲ ಸಲ ಅವರ ಮುಖ ಸಡಿಲವಾದದ್ದು ನೋಡಿದೆ.

"ಒಳ್ಳೇದು ಕಣಮ್ಮ. ಕೇಳ್ಬೇಕು. ಮೊದಲ್ನೇ ದಿನಾನೇ ಕೇಳ್ಬೇಕಿತ್ತು ನೀನು" ಎಂದು ಬಾಟಲಿಯನ್ನು ನನ್ನ ಕೈಗಿಟ್ಟರು. "ಓದು. ಹಲ್ಲು ಕೀಳೋವಾಗ ಕೊಡ್ತಾರಲ್ಲ, ಅದೇ ಜಾತಿ. ಗೊರಸಿನ ಹಿಂಭಾಗಕ್ಕೆ ಹೋಗೋ ನರ ಮರಗಟ್ಸ್ತೀನಿ. ಆಗ ನೆಟ್ಟಗೆ ನಡೆದ್ರೆ ನೋವು ಅಲ್ಲೇ ಇದೆ ಅಂತ. ಇಲ್ದಿದ್ರೆ ಮೇಲೆ ಹುಡುಕ್ಬೇಕು."

ನಾನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿ ಮುಗಿಸುವವರೆಗೆ ಅವರು ಸಿರಿಂಜು ಹಿಡಿದು ಕಾದರು. ಆಮೇಲೆ ಗೊರಸಿನ ಮೇಲ್ಗಡೆ ಎರಡೂ ಪಕ್ಕಕ್ಕೆ ಚುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ನಡೆಸಿದಾಗ ಚಾಂದನಿಯ ತಲೆ ಏಳಲಿಲ್ಲ, ಕುಂಟು ಮಾಯವಾಗಿತ್ತು.

ಕಾಯುವ ಆ ಹೊತ್ತಿನಲ್ಲಿ ಅವರು ತಮ್ಮದೇ ವಿಷಯ ಒಂದಿಷ್ಟು ಹೇಳಿದರು. ಆಮೇಲೆ ಎಂದೂ ಹೇಳಲಿಲ್ಲ. ಚಿಕ್ಕನಾಯಕನಹಳ್ಳಿಯ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಬ್ಬ ರೈತ ಎತ್ತು ಹೊಡೆದುಕೊಂಡು ಬಂದನಂತೆ. ಹಳ್ಳ ದಾಟುವಾಗ ಉಳುಕಿತು ಎಂದನಂತೆ. ಅಳುತ್ತಿದ್ದನಂತೆ. "ಅಳ್ತಿದ್ದ ಅಂತ ನಂಬ್ದೆ. ಉಳುಕಿಗೆ ಪಟ್ಟು ಹಾಕಿ ಕಳ್ಸ್ದೆ. ಅವ್ನೇ ಹಾರೇಲಿ ಹೊಡ್ದಿದ್ದ. ಒಳಗೆ ಮುರ್ದಿತ್ತು. ಹೇಳೋಕೆ ನಾಚಿಕೆ ಅವ್ನಿಗೆ. ಎತ್ತು ಕೊಳೆತು ಸತ್ತೋಯ್ತು" ಎಂದು, ಕೈಗೆ ಮೆತ್ತಿದ್ದ ಲದ್ದಿಯನ್ನು ಹುಲ್ಲಿಗೆ ಒರೆಸಿಕೊಂಡರು. "ಅಳೋರು ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ."

ದೊಡ್ಡ ಪಶು ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆವು. ಗೊರಸಿನ ಒಳಗೆ, ಹಿಂಭಾಗದಲ್ಲಿ, ದೋಣಿಯ ಆಕಾರದ ಒಂದು ಚಿಕ್ಕ ಮೂಳೆ ಇರುತ್ತದೆ. ಅದು ಸವೆದಿತ್ತು. ಡಾಂಬರು, ಕಾಂಕ್ರೀಟಿನ ಮೇಲೆ ಮುಂಗಾಲು ಎತ್ತೆತ್ತಿ ಹಾಕಿ ಕುಣಿದದ್ದರ ಫಲವೂ ಅದರಲ್ಲಿ ಸೇರಿದೆ ಎಂದರು ಅಲ್ಲಿಯವರು. ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದೂ ಹೇಳಿದರು. ಎಡಗಾಲಿನ ಚಿತ್ರ ಚೆನ್ನಾಗಿತ್ತು.

ಊರಿಗೆ ಬಂದ ಮೇಲೆ ಡಾಕ್ಟರಮ್ಮ ಲಾಯದ ಕಲ್ಲಿನ ಮೇಲೆ ಕೂತು, ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು ವಿವರಿಸಿದರು. ದಿನಾ ನೋವಿನ ಔಷಧಿ ಕೊಡಬಹುದು, ಹೊಟ್ಟೆ ಹಾಳಾಗುತ್ತದೆ, ಕಾಲು ಇನ್ನೂ ಸವೆಯುತ್ತದೆ. ಕೀಲಿನೊಳಗೆ ಇಂಜೆಕ್ಷನ್ ಕೊಡಿಸಬಹುದು, ಕೆಲವು ತಿಂಗಳು ನಡೆಯುತ್ತದೆ, ಆಮೇಲೆ ಮತ್ತೆ ಕೊಡಿಸಬೇಕು. ಗೊರಸಿನ ಮುಂದುಗಡೆ ಗಿಡ್ಡ ಮಾಡಿ, ಹಿಂದುಗಡೆ ಸ್ವಲ್ಪ ಎತ್ತರವಿರುವ ಲಾಳ ಕಟ್ಟಿ, ಮೆತ್ತಗಿನ ಮಣ್ಣಿನಲ್ಲಿ ಬಿಟ್ಟು, ತಿಂಗಳುಗಟ್ಟಲೆ ಕಾಯಬಹುದು.

"ನರ ಕತ್ತರಿಸೋ ಆಪರೇಷನ್ ಇದೆಯಂತಲ್ಲ" ಎಂದ ತಮ್ಮ. ದೊಡ್ಡಾಸ್ಪತ್ರೆಯಲ್ಲಿ ಯಾರ ಬಾಯಿಂದಲೋ ಕೇಳಿಕೊಂಡು ಬಂದಿದ್ದ. "ಅದು ಮಾಡ್ಸಿದ್ರೆ ಮುಂಚಿನಂಗೇ ಕುಣಿಯುತ್ತಂತೆ."

"ಕುಣಿಯತ್ತೆ" ಎಂದರು ಡಾಕ್ಟರಮ್ಮ. "ನೋವು ಹೋಗಲ್ಲ ಕಣಪ್ಪ, ನೋವಿನ ಸುದ್ದಿ ಹೋಗುತ್ತೆ. ಆಮೇಲೆ ನಿಜವಾಗ್ಲೂ ಮೊಳೆ ಚುಚ್ಚಿದ್ರೂ ಅದಕ್ಕೆ ಗೊತ್ತಾಗಲ್ಲ. ಮೇಲೆ ಮದುವೆ ಗಂಡು ಕೂತಿರ್ತಾನೆ, ಕೆಳಗೆ ಕಾಲು ಎಲ್ಲಿದೆ ಅಂತ ಕುದ್ರೆಗೆ ತಿಳಿಯಲ್ಲ. ಬೇರೆ ದಾರಿ ಇಲ್ದಿರೋ ಕುದ್ರೆಗೆ ಮಾಡ್ತಾರೆ, ಕುಣಿಸೋಕಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಯಾವುದು ಅಂತ ನೀನ್ ಹೇಳು. ನಾನ್ ಹೇಳಿದ್ದು ಅಂತ ಒಪ್ಕೋಬೇಡ. ಯೋಚನೆ ಮಾಡಿ ಹೇಳು" ಎಂದರು.

ಯೋಚನೆ ಮಾಡಿಯೇ ಹೇಳಿದೆ. ಲಾಳ, ಮಣ್ಣು, ಕಾಯುವುದು. ಇನ್ನು ಮೇಲೆ ಚಾಂದನಿ ಕುಣಿಯುವುದಿಲ್ಲ. ತಮ್ಮ ಎದ್ದು ಹೊರಗೆ ಹೋದ. ಕೆಲವು ದಿನ ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಒಂದು ಸಂಜೆ ಅವನೇ ಪಕ್ಕದ ಯಜಮಾನರ ಗೋಡೌನಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದದ್ದನ್ನು ನೋಡಿದೆ. ಏನು ಮಾತಾಡಿದರೋ ಗೊತ್ತಿಲ್ಲ. ಅವನು ಕೆಂಪಾದ ಕಣ್ಣಿನಲ್ಲಿ ಹೊರಗೆ ಬಂದ. ಹಿಂದೆಯೇ ಯಜಮಾನರು ಬಂದು ನನ್ನನ್ನು ಕರೆದರು.

"ಏನಮ್ಮ, ಕುದ್ರೆಗೆ ಮಣ್ಣಿನ ಜಾಗ ಬೇಕಂತೆ? ನೊಣವಿನಕೆರೆ ದಾರೀಲಿ ನಮ್ ತೋಟ ಇದೆ. ಬಿಡಿ ಅಲ್ಲಿ."

ನನಗೆ ನಂಬಲಾಗಲಿಲ್ಲ. ಡಾಕ್ಟರಮ್ಮನಿಗೆ ಹೇಳಿದರೆ ಅವರೂ ಕಣ್ಣು ಕಿರಿದು ಮಾಡಿದರು. "ಸುಮ್ನೆ ಒಪ್ಪೋ ಮನುಷ್ಯ ಅಲ್ಲ ಅದು. ಲದ್ದಿ ಮೇಲೆ ಕಣ್ಣಿರ್ಬೇಕು." ಸ್ಕೂಟರಿನಲ್ಲಿ ತೋಟಕ್ಕೇ ಹೋಗಿ, ಬೇಲಿ, ನೀರು, ಕಳೆಗೆ ಹೊಡೆದ ಔಷಧಿ ಎಲ್ಲವನ್ನೂ ವಿಚಾರಿಸಿಕೊಂಡು ಬಂದರು. ಅವರ ಊಹೆ ನಿಜವೇ ಆಗಿತ್ತು. ಬೀದಿಯಲ್ಲಿದ್ದಾಗ ನೊಣ ಕರೆಯುತ್ತಿದ್ದ ಲದ್ದಿ, ತೋಟಕ್ಕೆ ಹೋದ ಮೇಲೆ ಒಂದೊಂದು ಬುಟ್ಟಿಯೂ ತೆಂಗಿನ ಬುಡಕ್ಕೆ ಬೀಳುತ್ತಿತ್ತು. ಯಜಮಾನರು ತಾವೇ ನಿಂತು ಹಾಕಿಸುತ್ತಿದ್ದರು.

ಹೊಸ ಲಾಳ ಕಟ್ಟುವ ದಿನ ಡಾಕ್ಟರಮ್ಮ ಲಾಳದವನ ತಲೆಯ ಮೇಲೆಯೇ ನಿಂತಿದ್ದರು. ಭುಜವೆಂದು ಹೇಳಿದ್ದವನು ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡಿದ. ಆದರೆ ಕೆಲಸ ಚೆನ್ನಾಗಿ ಬಂತು, ಡಾಕ್ಟರಮ್ಮ ಅದನ್ನೂ ಅವನ ಮುಖಕ್ಕೇ ಹೇಳಿದರು. ಆಮೇಲೆ ಯಾವ ಹೊತ್ತಿನಲ್ಲಿ ತೋಟಕ್ಕೆ ಬರುತ್ತಾರೋ ಯಾರಿಗೂ ತಿಳಿಯುತ್ತಿರಲಿಲ್ಲ. ಬರುತ್ತೇನೆಂದ ದಿನ ಬರುತ್ತಿರಲಿಲ್ಲ, ಬರುವುದಿಲ್ಲವೆಂದ ದಿನ ತೆಂಗಿನ ಸಾಲಿನ ನಡುವೆ ಪ್ರತ್ಯಕ್ಷ. ಮೊದಲು ಕತ್ತಿನ ಕೂದಲು ಬಿಡಿಸಿ ನೋಡಿ, ಆಮೇಲೆ ಕಾಲು ನೋಡುವರು. ತಮ್ಮ ಪ್ರತಿ ಸಲವೂ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅವನು ಬಾಡಿಗೆಗೆ ಗೂಡ್ಸ್ ಆಟೋ ಹಿಡಿದಿದ್ದ. ಬಿಡುವಾದಾಗಲೆಲ್ಲ ತೋಟಕ್ಕೆ ಹೋಗಿ ಗೊರಸು ತೊಳೆಯುತ್ತಿದ್ದ. ಅದನ್ನು ಕಂಡೂ ಡಾಕ್ಟರಮ್ಮ ಕತ್ತು ನೋಡುವುದನ್ನು ಬಿಡಲಿಲ್ಲ. ಒಂದು ಸಲ ನಾನು ಬೇಸರದಿಂದ, "ಇನ್ನೂ ನಂಬಿಕೆ ಬರ್ಲಿಲ್ವಾ ಡಾಕ್ಟರಮ್ಮ?" ಎಂದೆ. "ಅವ್ನ ಮೇಲೆ ಕೋಪ ಇಲ್ಲ ಕಣೇ. ನೋಡೋದು ನನ್ ಕೆಲಸ" ಎಂದರು.

ವರ್ಷ ಕಳೆಯುವಷ್ಟರಲ್ಲಿ ಚಾಂದನಿ ಮಣ್ಣಿನ ಮೇಲೆ ನೆಟ್ಟಗೆ ನಡೆಯತೊಡಗಿತು. ಹತ್ತಿರದ ಹಳ್ಳಿಗಳಲ್ಲಿ, ಮನೆಯಿಂದ ಚಪ್ಪರದವರೆಗಿನ ಚಿಕ್ಕ ಮೆರವಣಿಗೆಗೆ ಕಳಿಸಿದೆವು, ತಮಟೆ ದೂರ ಇರಬೇಕು, ಕುಣಿಸಬಾರದು ಎಂಬ ಕರಾರಿನ ಮೇಲೆ. ಕೆಲವರು ನಕ್ಕರು. ಕೆಲವರಿಗೆ ಅದೇ ಹಿಡಿಸಿತು.

ಡಾಕ್ಟರಮ್ಮ ನಿವೃತ್ತಿಯಾಗಿ ತುಮಕೂರಿಗೆ, ಅಕ್ಕನ ಮನೆಗೆ ಹೋದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಹೋದ ವರ್ಷ ಅವರ ಅಕ್ಕ ಫೋನು ಮಾಡಿ, ತಂಗಿ ಆಸ್ಪತ್ರೆಯಲ್ಲಿದ್ದಾಳೆ, ಕಾಯಿಲೆ ಕೈಮೀರಿದೆ ಎಂದರು. ಬಸ್ಸು ಹತ್ತಿ ಹೋದೆ. ಹಾಸಿಗೆಯಲ್ಲಿ ಅವರು ಅರ್ಧವಾಗಿದ್ದರು. ನರ್ಸು ಬಾಟಲಿ ನೇತುಹಾಕಲು ಬಂದರೆ ಕೈ ಚಾಚಿ, ಚೀಟಿ ಓದದೆ ಬಿಡಲಿಲ್ಲ. ಅವರ ಅಕ್ಕ ನನ್ನನ್ನು ಬಾಗಿಲಿನ ಹೊರಗೆ ಕರೆದು, "ಎರಡು ದಿನದಿಂದ ಏನೇನೋ ಮಾತಾಡ್ತಾಳಮ್ಮ. ತಲೆ ಸರಿಯಿಲ್ಲ ಅನ್ಸುತ್ತೆ. ಮನಸ್ಸಿಗೆ ಹಚ್ಕೋಬೇಡಿ" ಎಂದು ಮೆಲ್ಲಗೆ ಹೇಳಿದರು.

"ಚಾಂದನಿ ಚೆನ್ನಾಗಿದೆ ಡಾಕ್ಟರಮ್ಮ" ಎಂದೆ ನಾನು.

"ತೋರ್ಸು."

ಫೋನಿನಲ್ಲಿದ್ದ ಒಂದು ವಿಡಿಯೋ ಹಾಕಿದೆ. "ಇದು ಯಾವತ್ತಿಂದು? ಹಳೇದು ತೋರಿಸ್ಬೇಡ" ಎಂದರು. ತಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ತೋಟದಲ್ಲೇ ಇದ್ದ. ಮಣ್ಣಿನಲ್ಲಿ ನಡೆಸಿದ. "ಸಿಮೆಂಟ್ ಕಣದ ಮೇಲೆ ತಗೊಂಬಾ" ಎಂದರು. ತಂದ. "ಸುತ್ತು ಹಾಕ್ಸು. ಆ ಕಡೆಗೆ. ಈಗ ಈ ಕಡೆಗೆ." ಫೋನನ್ನು ಮುಖದ ಹತ್ತಿರ ಹಿಡಿದುಕೊಂಡು ನೋಡುತ್ತಿದ್ದರು. ಫೋನು ಜಾರದಂತೆ ಅವರ ಕೈಯನ್ನು ನಾನು ಹಿಡಿದುಕೊಂಡಿದ್ದೆ.

"ಎಡಗಾಲು" ಎಂದರು.

"ಬಲಗಾಲು ಡಾಕ್ಟರಮ್ಮ. ನಮ್ದು ಬಲಗಾಲು."

"ಎಡಗಾಲು ಅಂದೆ. ಶುರುವಾಗಿದೆ. ಅದಕ್ಕೂ ಲಾಳ ಬದಲಾಯ್ಸು."

ತಮ್ಮ ಆಚೆಯಿಂದ, "ಏನೂ ಇಲ್ಲ ಡಾಕ್ಟರಮ್ಮ, ನೆಟ್ಟಗಿದೆ" ಎಂದ. ನನಗೂ ಏನೂ ಕಾಣಲಿಲ್ಲ. ಅಕ್ಕ ನನ್ನ ಮುಖ ನೋಡಿ, ಹೇಳಿರಲಿಲ್ಲವೇ ಎಂಬಂತೆ ತಲೆಯಾಡಿಸಿದರು. ನಾನು "ಆಯ್ತು ಡಾಕ್ಟರಮ್ಮ, ಬದಲಾಯಿಸ್ತೀನಿ" ಎಂದೆ, ಮಗುವಿಗೆ ಹೇಳುವ ಹಾಗೆ. ಅವರ ಎರಡು ಕಣ್ಣೂ ಕಿರಿದಾದವು. ಆ ದನಿಯನ್ನು ಅವರು ಗುರುತಿಸಿದರು. ಗೋಡೆಯ ಕಡೆ ತಿರುಗಿಕೊಂಡರು.

ವಾರದೊಳಗೆ ಹೋಗಿಬಿಟ್ಟರು. ಮಣ್ಣಿಗೆ ಹೋಗಿ ಬಂದ ಮೇಲೆ ನನ್ನ ಮನಸ್ಸು ತಡೆಯಲಿಲ್ಲ. ಹೊಸದಾಗಿ ಬಂದಿದ್ದ ಹುಡುಗ ಡಾಕ್ಟರನ್ನು ತೋಟಕ್ಕೆ ಕರೆದುಕೊಂಡು ಹೋದೆ. ಯಾವ ಕಾಲು ಎಂದು ನಾನು ಬಾಯಿ ಬಿಡಲಿಲ್ಲ. ಅವರು ಕಣದ ಮೇಲೆ ಸುತ್ತು ಹಾಕಿಸಿ, ಗೊರಸು ಅಮುಕಿ, ಬಲಗಾಲಿನ ಹಿಂಭಾಗದ ನರ ಮರಗಟ್ಟಿಸಿ ಮತ್ತೆ ನಡೆಸಿದರು. ಬಲಗಾಲಿನ ನೋವು ಮುಚ್ಚಿದ ಕೂಡಲೇ, ಎಡಗಾಲು ಊರಿದಾಗ ಚಾಂದನಿಯ ತಲೆ ಮೇಲೆದ್ದಿತು. ಸ್ವಲ್ಪವೇ, ಆದರೆ ಎದ್ದಿತು. "ಎಡಗಡೇನೂ ಶುರುವಾಗಿದೆ. ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು" ಎಂದರು ಆ ಡಾಕ್ಟರು. ಮಾರನೆಯ ದಿನವೇ ಎರಡು ಕಾಲಿಗೂ ಲಾಳ ಬದಲಾಯಿಸಿದೆವು. ಈಗಲೂ ಚಾಂದನಿ ನಡೆಯುತ್ತಿದೆ.

ಪುಣ್ಯತಿಥಿಯ ದಿನ ತುಮಕೂರಿಗೆ ಹೋಗಿದ್ದಾಗ ಇದನ್ನು ಅವರ ಅಕ್ಕನಿಗೆ ಹೇಳಿದೆ. ಕೇಳಿದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಹಂಗಾದ್ರೆ ಅವ್ಳ ತಲೆ ನೆಟ್ಟಗಿತ್ತು" ಎಂದರು. ಆಮೇಲೆ, "ನೀವು ಆಸ್ಪತ್ರೆಗೆ ಬಂದಿದ್ರಲ್ಲ, ಅವತ್ತೇ ಬೆಳಗ್ಗೆ, ಮನೆಗೆ ಕರ್ಕೊಂಡೋಗು, ಇಲ್ಲಿ ಬೇಡ ಅಂದ್ಲು. ತಲೆ ಸರಿಯಿಲ್ಲ ಅಂದ್ಕೊಂಡು ನಾನು ಹೂಂ ಹೂಂ ಅಂದು ಸುಮ್ನಾದೆ" ಎಂದರು.

ಯಾಕಾದರೂ ಹೇಳಿದೆನೋ ಎಂದುಕೊಂಡು, ಅವರ ಪಕ್ಕದಲ್ಲಿ ಕೂತಿದ್ದು ಎದ್ದು ಬಂದೆ.

ಸ್ವಲ್ಪ ದಿನದ ಮೇಲೆ ಅವರೇ ಫೋನು ಮಾಡಿ, ಆ ಕುದುರೆಯನ್ನು ನೋಡಬೇಕು ಎಂದರು. ರೈಲಿನಲ್ಲಿ ಬಂದರು. ಅವರನ್ನು ತೋಟಕ್ಕೆ ಕರೆದುಕೊಂಡು ಹೋದೆ. ತಮ್ಮ ಚಾಂದನಿಯನ್ನು ಕಣದ ಮೇಲೆ ಸುತ್ತು ಹಾಕಿಸಿದ, ಆ ಕಡೆಗೆ, ಆಮೇಲೆ ಈ ಕಡೆಗೆ. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಲ್ಲಿ ನಿಂತು ಎಡಗಾಲನ್ನೇ ನೋಡಿದರು. ತುಂಬ ಹೊತ್ತು ನೋಡಿದರು.

"ನಂಗೇನೂ ಕಾಣಿಸ್ತಿಲ್ಲಮ್ಮ" ಎಂದರು ಕೊನೆಗೆ.

"ನಂಗೂ ಅವತ್ತು ಕಾಣಿಸ್ಲಿಲ್ಲ" ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಸುತ್ತು ಹಾಕಿಸಲು ತಮ್ಮನಿಗೆ ಸನ್ನೆ ಮಾಡಿದೆ.